ಓದುಗರ ಪ್ರಶ್ನೋತ್ತರ: ಗಾಲ್ಫ್ ಆಡುತ್ತ ಆಡುತ್ತ ಮೈದಾನದ ನಕ್ಷೆ ಬಿಡಿಸುವ ಗೀಳು

ಪ್ರಶ್ನೆ: ನಾನು ಚಿಕ್ಕಮಗಳೂರಿನ ಸಮೀಪದ ಕಾಫಿ ಬೆಳೆಗಾರ, ವಯಸ್ಸು 48. ಹನ್ನೆರಡು ವರ್ಷಗಳಿಂದ ವಾರಕ್ಕೆರಡು ದಿನ ಗಾಲ್ಫ್ ಆಡುತ್ತಿದ್ದೇನೆ. ಹ್ಯಾಂಡಿಕ್ಯಾಪ್ (ಆಟಗಾರನ ಮಟ್ಟದ ಅಂಕ; ಕಡಿಮೆಯಾದಷ್ಟೂ ಆಟ ಉತ್ತಮ) ಮಾತ್ರ 22ರಿಂದ ಕೆಳಗಿಳಿದಿಲ್ಲ. ಕಳೆದ ವರ್ಷ ಭುಜದ ಶಸ್ತ್ರಚಿಕಿತ್ಸೆಯಾದ ಮೇಲೆ ಐದು ತಿಂಗಳು ಗಾಲ್ಫ್ ಕೋಲು ಹಿಡಿಯಕೂಡದೆಂದು ವೈದ್ಯರು ಹೇಳಿದರು. ಮನೆಯಲ್ಲಿ ಕೂರಲಾರದೆ ಗೆಳೆಯರ ಜೊತೆ ಸುಮ್ಮನೆ ನಡೆಯಲು ಹೋಗುತ್ತಿದ್ದೆ. ಹೊಡೆಯಬೇಕಾದ ಚೆಂಡು ಇಲ್ಲದ್ದರಿಂದಲೋ ಏನೋ, ಮೊದಲ ಬಾರಿಗೆ ಕಣ್ಣು ನೆಲದ ಮೇಲೆ ನಿಂತಿತು. ನಾವು ಆಡುವ ಮೈದಾನದಲ್ಲಿ ಒಂದು ಚಿಕ್ಕ ಹೋಲ್ (ಮೊದಲ ಹೊಡೆತದ ಜಾಗದಿಂದ ಬಾವುಟ ನೆಟ್ಟ ಕುಳಿಯವರೆಗಿನ ಆಟದ ಪಟ್ಟಿ) ಇದೆ. ಬಾವುಟಕ್ಕೆ ನೇರವಾಗಿ ಗುರಿಯಿಟ್ಟು ಹೊಡೆದ ಚೆಂಡು ಪ್ರತಿ ಸಲವೂ ಎಡಕ್ಕೆ ಜಾರಿ ಗ್ರೀನ್‌ನ (ಕುಳಿಯ ಸುತ್ತಲಿನ ನುಣುಪು ಹುಲ್ಲುಹಾಸಿನ) ಹಿಂದಕ್ಕೆ ಹೋಗುತ್ತದೆ, ಹೊಡೆತ ಚಿಕ್ಕದಾದರೆ ಎಡ ಮುಂಭಾಗದ ಬಂಕರ್‌ಗೆ (ಮರಳಿನ ಗುಂಡಿಗೆ) ಬೀಳುತ್ತದೆ. ಆಟಗಾರರ ಚೀಲ ಹೊರುವ ಹಿರಿಯ ಕ್ಯಾಡಿಯೊಬ್ಬರು ನನ್ನ ಗೆಳೆಯನಿಗೆ, “ಬಲಗಡೆ ದಿಣ್ಣೆಗೆ ಹಾಕಿ ಗೌಡ್ರೇ, ಅದೇ ಉರುಳ್ಕೊಂಡು ಹೋಗುತ್ತೆ” ಎಂದರು. ಹಾಗೆಯೇ ಆಯಿತು. ಹನ್ನೆರಡು ವರ್ಷ ನಾನು ಆ ದಿಣ್ಣೆಯನ್ನು ಕಂಡೇ ಇರಲಿಲ್ಲ. ಅಂದಿನಿಂದ ಕುಯ್ಲಿನ ಲೆಕ್ಕದ ಪುಸ್ತಕದ ಹಿಂಬದಿಯ ಹಾಳೆಗಳೆಲ್ಲ ಹೋಲ್‌ಗಳ ಚಿತ್ರಗಳಿಂದ ತುಂಬಿವೆ; ತೋಟದ ರೈಟರು ಅದನ್ನು ಕೆರೆಯ ನಕ್ಷೆಯೆಂದು ತಿಳಿದು, ಎಲ್ಲಿ ತೋಡಿಸಬೇಕೆಂದು ಕೇಳಿದರು. ಗಾಲ್ಫ್ ಮೈದಾನದ ವಿನ್ಯಾಸವನ್ನು ಈ ವಯಸ್ಸಿನಲ್ಲಿ, ಪದವಿಯಿಲ್ಲದೆ, ನನ್ನಂತಹ ಸಾಧಾರಣ ಆಟಗಾರ ಕಲಿಯಬಹುದೇ? ಎಲ್ಲಿಂದ ಆರಂಭಿಸಬೇಕು? ತೋಟದ ಅಂಚಿನಲ್ಲಿ ನಾಲ್ಕು ಎಕರೆ ಇಳಿಜಾರು ಖಾಲಿ ಬಿದ್ದಿದೆ. ಅಲ್ಲಿ ಒಂದೆರಡು ಹೋಲ್ ಮಾಡಿ ನೋಡಬಹುದೇ?
— ಒಬ್ಬ ಓದುಗರು, ಚಿಕ್ಕಮಗಳೂರು

ಉತ್ತರ: ಕ್ಯಾಡಿಯವರ ಮಾತಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ನೀವು ಕೇಳಿರುವ ವಿದ್ಯೆಯ ಮೊದಲ ಪಾಠವನ್ನು ಅವರು ಆಗಲೇ ಹೇಳಿಬಿಟ್ಟಿದ್ದಾರೆ. ನೀವು ವರ್ಣಿಸಿರುವ ಬಗೆಯ ಹೋಲ್‌ಗೆ ವಿನ್ಯಾಸಕಾರರ ನಡುವೆ ‘ರೆಡಾನ್’ ಎಂಬ ಹೆಸರಿದೆ. ಸ್ಕಾಟ್ಲೆಂಡಿನ ನಾರ್ತ್ ಬೆರಿಕ್ ಮೈದಾನದ 15ನೇ ಹೋಲ್ ಅದರ ಮೂಲ. ಕ್ರಿಮಿಯಾ ಯುದ್ಧದ ಕಾಲದ ಒಂದು ಕೋಟೆಯ ಹೆಸರು ಅದಕ್ಕೆ ಅಂಟಿಕೊಂಡಿತು. ಗ್ರೀನ್ ಓರೆಯಾಗಿ, ಬಲ ಮುಂಭಾಗದಿಂದ ಎಡ ಹಿಂಭಾಗಕ್ಕೆ ಇಳಿಯುತ್ತ ಮಲಗಿರುತ್ತದೆ, ಎಡ ಮುಂಭಾಗವನ್ನು ಆಳವಾದ ಬಂಕರ್ ಕಾಯುತ್ತದೆ. ಬಾವುಟವನ್ನೇ ನೋಡುವವನಿಗೆ ಅದು ಕಷ್ಟದ ಹೋಲ್, ಬಲಗಡೆಯ ದಿಣ್ಣೆಯನ್ನು ಕಂಡುಕೊಂಡವನಿಗೆ ಅರ್ಧ ಕೆಲಸವನ್ನು ನೆಲವೇ ಮಾಡಿಕೊಡುತ್ತದೆ. ಅಮೆರಿಕದ ಚಾರ್ಲ್ಸ್ ಬ್ಲೇರ್ ಮ್ಯಾಕ್‌ಡೊನಾಲ್ಡ್ ಅವರು ಬ್ರಿಟನ್ನಿನ ಇಂತಹ ಹಳೆಯ ಹೋಲ್‌ಗಳನ್ನು ಸುತ್ತಿ ನೋಡಿ, ಅವುಗಳ ಹಿಂದಿನ ಯುಕ್ತಿಯನ್ನು ಗುರುತುಮಾಡಿಕೊಂಡು, ಲಾಂಗ್ ಐಲೆಂಡಿನಲ್ಲಿ 1911ರಲ್ಲಿ ವಿಧ್ಯುಕ್ತವಾಗಿ ಆರಂಭವಾದ ನ್ಯಾಷನಲ್ ಗಾಲ್ಫ್ ಲಿಂಕ್ಸ್‌ನ 4ನೇ ಹೋಲ್ ಅನ್ನು ರೆಡಾನ್ ಆಗಿ ಕಟ್ಟಿದರು. ಅವರು ನಕಲು ಮಾಡಿದ್ದು ಹೋಲ್‌ನ ಚಿತ್ರವನ್ನಲ್ಲ, ಅದು ಆಟಗಾರನ ಮುಂದಿಡುವ ಪ್ರಶ್ನೆಯನ್ನು. ನಿಮ್ಮ ಲೆಕ್ಕದ ಪುಸ್ತಕದಲ್ಲಿ ಬಂಕರ್‌ಗಳ ಆಕಾರಗಳು ಚೆನ್ನಾಗಿ ಮೂಡಿರಬಹುದು. ಆದರೆ ಪ್ರತಿ ಚಿತ್ರದ ಕೆಳಗೆ ‘ಈ ಬಂಕರ್ ಏನು ಕೇಳುತ್ತಿದೆ’ ಎಂದು ಒಂದು ಸಾಲು ಬರೆಯಲಾಗದಿದ್ದರೆ ಆ ಬಂಕರ್ ಅನ್ನು ಅಳಿಸಿಬಿಡಿ.

ನಿಮ್ಮ ಹಾಗೆಯೇ ಒಂದೇ ಒಂದು ಹೋಲ್‌ನಿಂದ ದಾರಿ ಬದಲಿಸಿಕೊಂಡವರು ಇನ್ನೊಬ್ಬರಿದ್ದಾರೆ. ಇಂಗ್ಲೆಂಡಿನ ವೋಕಿಂಗ್ ಮೈದಾನದ 4ನೇ ಹೋಲ್‌ನ ಬಲಬದಿಯಲ್ಲಿ ರೈಲು ಹಳಿ ಹಾದುಹೋಗುತ್ತದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಆ ಕ್ಲಬ್ಬಿನ ಸದಸ್ಯರಾದ ಜಾನ್ ಲೋ ಮತ್ತು ಸ್ಟುವರ್ಟ್ ಪೇಟನ್ ಅವರು ಫೇರ್‌ವೇಯ (ಗ್ರೀನ್‌ಗೆ ಹೋಗುವ ದಾರಿಯ ಕತ್ತರಿಸಿದ ಹುಲ್ಲುಪಟ್ಟಿಯ) ನಟ್ಟನಡುವೆ ಬಂಕರ್ ತೋಡಿಸಿದರು. ಚೆನ್ನಾಗಿ ನೇರಕ್ಕೆ ಹೊಡೆದವನಿಗೇ ಶಿಕ್ಷೆಯೇ ಎಂದು ಸದಸ್ಯರು ಕೆರಳಿದರು. ವಕೀಲಿ ಓದಿದ್ದ ಟಾಮ್ ಸಿಂಪ್ಸನ್ ಅವರೂ ಸಿಟ್ಟಿನಿಂದಲೇ ನೋಡಲು ಹೋದರು. ಆದರೆ ಅಲ್ಲಿ ನಿಂತು ಯೋಚಿಸಿದಾಗ ಬಂಕರ್‌ಗೂ ರೈಲು ಹಳಿಗೂ ನಡುವಿನ ಇಕ್ಕಟ್ಟಾದ ಜಾಗಕ್ಕೆ ಧೈರ್ಯದಿಂದ ಹೊಡೆದವನಿಗೆ ಗ್ರೀನ್ ಸಲೀಸಾಗಿ ತೆರೆದುಕೊಳ್ಳುತ್ತದೆ, ಎಡಗಡೆಯ ವಿಶಾಲವಾದ ಜಾಗಕ್ಕೆ ಹೋದವನಿಗೆ ಮುಂದಿನ ಹೊಡೆತ ಕಷ್ಟವಾಗುತ್ತದೆ ಎಂಬುದು ತಿಳಿಯಿತು. ಅವರು ಮುಂದೆ ಹೆಸರಾಂತ ವಿನ್ಯಾಸಕಾರರಾದರು.

ವಯಸ್ಸು ಮತ್ತು ಪದವಿಯ ವಿಚಾರದಲ್ಲಿ ನೀವು ಅಂಜಬೇಕಾದದ್ದಿಲ್ಲ. ಈ ಕಸುಬಿನ ಇತಿಹಾಸವೆಂದರೆ ಬೇರೆ ಕೆಲಸ ಬಿಟ್ಟು ಬಂದವರ ಇತಿಹಾಸ. ಇಂಗ್ಲೆಂಡಿನ ವಿನ್ಯಾಸಕಾರ ಹ್ಯಾರಿ ಕೋಲ್ಟ್ ಅವರು ಮೊದಲು ವಕೀಲರಾಗಿದ್ದರು. ಫಿಲಡೆಲ್ಫಿಯಾದ ಮೆರಿಯನ್ ಮೈದಾನವನ್ನು ರೂಪಿಸಿದ ಹ್ಯೂ ವಿಲ್ಸನ್ ಮತ್ತು ಫ್ಲಾರಿಡಾದ ಸಾಗ್ರಾಸ್ ಮೈದಾನದ ಪೀಟ್ ಡೈ ಇಬ್ಬರೂ ವಿಮೆಯ ವ್ಯವಹಾರದವರು. ಅಮೆರಿಕದ ಪೈನ್ ವ್ಯಾಲಿ ಮೈದಾನದ ಜಾರ್ಜ್ ಕ್ರಂಪ್ ಅವರು ಹೋಟೆಲ್ ಮಾಲೀಕರು; 1918ರಲ್ಲಿ ಅವರು ತೀರಿಕೊಂಡಾಗ 18ರಲ್ಲಿ 14 ಹೋಲ್‌ಗಳು ಮಾತ್ರ ಮುಗಿದಿದ್ದವು. ಎಲ್ಲರಿಗಿಂತ ಸ್ವಾರಸ್ಯದ ಕಥೆ ಅಲಿಸ್ಟರ್ ಮೆಕೆಂಜಿ ಅವರದು. ವೃತ್ತಿಯಿಂದ ವೈದ್ಯರಾಗಿದ್ದ ಅವರು ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧದಲ್ಲಿ ಶತ್ರುಗಳು ನೆಲದ ಏರಿಳಿತವನ್ನೇ ಮರೆಯಾಗಿ ಬಳಸಿಕೊಳ್ಳುತ್ತಿದ್ದುದನ್ನು ಗಮನಿಸಿ, ಬಂಕರ್ ಮತ್ತು ಗ್ರೀನ್‌ಗಳು ಮನುಷ್ಯ ಮಾಡಿದಂತೆ ಕಾಣಬಾರದು ಎಂಬ ಪಾಠವನ್ನು ಅಲ್ಲಿಂದ ತಂದರು. 1914ರಲ್ಲಿ ಇಂಗ್ಲೆಂಡಿನ ‘ಕಂಟ್ರಿ ಲೈಫ್’ ಪತ್ರಿಕೆ ಒಂದು ಹೋಲ್‌ನ ವಿನ್ಯಾಸಕ್ಕೆ ಸ್ಪರ್ಧೆ ಏರ್ಪಡಿಸಿತ್ತು. ಒಂದೇ ಗ್ರೀನ್‌ಗೆ ಐದು ಬೇರೆ ಬೇರೆ ದಾರಿಗಳಿದ್ದ, ಪ್ರತಿಯೊಬ್ಬ ಆಟಗಾರನೂ ತನ್ನ ಶಕ್ತಿಗೆ ತಕ್ಕ ದಾರಿ ಹಿಡಿಯಬಹುದಾಗಿದ್ದ ನಕ್ಷೆಯನ್ನು ಕಳಿಸಿ ಮೆಕೆಂಜಿ ಅವರು ಬಹುಮಾನ ಪಡೆದರು. ಅಂದಿನ ಮಟ್ಟಿಗೆ ಅವರು ದೊಡ್ಡ ಆಟಗಾರರೇನೂ ಆಗಿರಲಿಲ್ಲ. ಮುಂದೆ ಅಮೆರಿಕದ ಹೆಸರಾಂತ ಮೈದಾನ ಸೈಪ್ರೆಸ್ ಪಾಯಿಂಟ್ ಅವರ ಕೈಯಿಂದ ಮೂಡಿತು, ಆಟಗಾರ ಬಾಬಿ ಜೋನ್ಸ್ ಅವರ ಜೊತೆಗೂಡಿ ಅಗಸ್ಟಾ ನ್ಯಾಷನಲ್ ಕೂಡ.

ನಿಮ್ಮ 22ರ ಹ್ಯಾಂಡಿಕ್ಯಾಪ್ ಅನ್ನು ನಾನು ಅಡ್ಡಿಯೆಂದು ಎಣಿಸುವುದಿಲ್ಲ. 280 ಗಜ ಹೊಡೆಯುವವನಿಗೆ ಮೈದಾನದ ಅರ್ಧ ಭಾಗ ಕಾಣುವುದೇ ಇಲ್ಲ, ಅವನ ಚೆಂಡು ಅದರ ಮೇಲೆ ಹಾರಿಹೋಗುತ್ತದೆ. ನಿಮ್ಮ ಚೆಂಡು ಬಿದ್ದಿರುವ ಜಾಗಗಳೆಲ್ಲ ನಿಮಗೆ ಗೊತ್ತು.

ಇನ್ನು ಕಲಿಕೆಯ ಆರಂಭ. ಮೊದಲ ಆರು ತಿಂಗಳು ಹೊಸ ಹೋಲ್ ಬರೆಯುವುದನ್ನು ನಿಲ್ಲಿಸಿ, ಇರುವುದನ್ನೇ ಅಳೆದು ಬರೆಯಿರಿ. ಮುಂಜಾನೆ ಯಾರೂ ಇಲ್ಲದ ಹೊತ್ತಿನಲ್ಲಿ, ಕ್ಲಬ್ಬಿನ ಅನುಮತಿ ಪಡೆದು, ಮೈದಾನವನ್ನು ಹಿಂದುಮುಂದಾಗಿ ನಡೆಯಿರಿ: ಗ್ರೀನ್‌ನಲ್ಲಿ ನಿಂತು ಫೇರ್‌ವೇಯ ಕಡೆ ನೋಡಿ, ಅಲ್ಲಿಂದ ಟೀಗೆ, ಅಂದರೆ ಮೊದಲ ಹೊಡೆತದ ಜಾಗಕ್ಕೆ, ಹೋಗಿ. (ಕಾಫಿ ನಾಡಿನಲ್ಲಿ ನಿಂತು ದಿನಕ್ಕೆ ಹದಿನೆಂಟು ಬಾರಿ ಟೀ ಎನ್ನಬೇಕಾದ ಆಟ ಇದೊಂದೇ ಇರಬೇಕು.) ವಿನ್ಯಾಸಕಾರರು ಯೋಚಿಸುವುದು ಸಾಮಾನ್ಯವಾಗಿ ಇದೇ ಕ್ರಮದಲ್ಲಿ. ಗ್ರೀನ್‌ಗೆ ಒಪ್ಪುವ ಜಾಗ ಮೊದಲು ಸಿಗಬೇಕು, ಅದು ಯಾವ ಕೋನದಿಂದ ಬರುವವನಿಗೆ ಒಲಿಯುತ್ತದೆ ಎಂಬುದು ನಿಶ್ಚಯವಾಗಬೇಕು, ಅದರ ಮೇಲೆ ಫೇರ್‌ವೇ, ಕೊನೆಗೆ ಟೀ. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನ ಹಳೆಯ ಮೈದಾನವಾದ ಓಲ್ಡ್ ಕೋರ್ಸ್ ಅನ್ನು ಒಂದು ಕಾಲದಲ್ಲಿ ಎರಡೂ ದಿಕ್ಕಿನಿಂದ ಆಡುತ್ತಿದ್ದರು. ಬಲಗಡೆಯಿಂದ ಬರುವವನಿಗೆ ಅರ್ಥವೇ ಇಲ್ಲದಂತೆ ಕಾಣುವ ಕೆಲವು ಬಂಕರ್‌ಗಳು ಎಡಗಡೆಯಿಂದ ಬರುವವನಿಗೆ ಸರಿಯಾಗಿ ಎದುರಾಗುತ್ತವೆ. ಆ ಮೈದಾನವನ್ನು ಒಬ್ಬರು ಕುಳಿತು ರೂಪಿಸಿದ್ದಲ್ಲ. 22 ಹೋಲ್‌ಗಳಿದ್ದುದನ್ನು 1764ರಲ್ಲಿ 18ಕ್ಕೆ ಇಳಿಸಿದರು. ಹೋಗುವ ಮತ್ತು ಬರುವ ದಾರಿಗಳು ಹಂಚಿಕೊಳ್ಳುವ ಏಳು ಜೋಡಿ ಗ್ರೀನ್‌ಗಳು ಇಂದಿಗೂ ಅಲ್ಲಿವೆ, ಮತ್ತು ಪ್ರತಿ ಜೋಡಿಯ ಹೋಲ್ ಸಂಖ್ಯೆಗಳನ್ನು ಕೂಡಿದರೆ 18 ಬರುತ್ತದೆ.

ಅಳತೆಗೆ ದುಬಾರಿ ಉಪಕರಣ ಬೇಡ. ಗಾರೆ ಮೇಸ್ತ್ರಿಗಳು ಮಟ್ಟ ನೋಡಲು ಬಳಸುವ, ನೀರು ತುಂಬಿದ ಪಾರದರ್ಶಕ ಪೈಪ್ ಮತ್ತು ಒಂದು ಟೇಪ್ ಇದ್ದರೆ ಒಂದು ಗ್ರೀನ್‌ನ ಏರಿಳಿತವನ್ನು ಎರಡು ಬೆಳಗಿನಲ್ಲಿ ಗುರುತು ಮಾಡಬಹುದು. ಕುಳಿ ತೋಡುವ ಜಾಗದ ಸುತ್ತ ಇಳಿಜಾರು ನೂರಕ್ಕೆ ಒಂದರಿಂದ ಮೂರರೊಳಗೆ ಇರಬೇಕೆಂಬುದು ಸಾಮಾನ್ಯ ಲೆಕ್ಕ, ಅಂದರೆ ಹತ್ತು ಮೀಟರ್ ಉದ್ದದಲ್ಲಿ 10ರಿಂದ 30 ಸೆಂಟಿಮೀಟರ್ ಇಳಿತ. ಅದಕ್ಕೂ ಹೆಚ್ಚಾದರೆ ಚೆಂಡು ನಿಲ್ಲದು, ತೀರ ಕಡಿಮೆಯಾದರೆ ನಮ್ಮ ಆಷಾಢದ ಮಳೆಯಲ್ಲಿ ನೀರು ನಿಲ್ಲುತ್ತದೆ. ಇಳಿಜಾರನ್ನು ನಕ್ಷೆಯ ಮೇಲೆ ಸಮೋನ್ನತಿ ರೇಖೆಗಳಲ್ಲಿ ಬರೆಯುವುದನ್ನು ರೂಢಿಸಿಕೊಳ್ಳಿ. ಸರ್ವೆ ಆಫ್ ಇಂಡಿಯಾದ 1:50,000 ಪ್ರಮಾಣದ ಟೋಪೋಶೀಟ್‌ನಲ್ಲಿ (ಏರಿಳಿತ ತೋರಿಸುವ ನಕ್ಷೆಯಲ್ಲಿ) ರೇಖೆಗಳ ನಡುವಿನ ಎತ್ತರದ ಅಂತರ 20 ಮೀಟರ್. ಗುಡ್ಡವನ್ನು ಗುರುತಿಸಲು ಅದು ಸಾಕು, ಗಾಲ್ಫ್‌ಗೆ ಸಾಲದು. ಇಲ್ಲಿ ಅರ್ಧ ಮೀಟರಿನ ಲೆಕ್ಕ ಬೇಕು.

ಈ ವಿಷಯದಲ್ಲಿ ನಿಮಗೆ ಪಟ್ಟಣದ ವಿದ್ಯಾರ್ಥಿಗಿಂತ ದೊಡ್ಡ ಅನುಕೂಲವಿದೆ ಎಂದು ನನಗನ್ನಿಸುತ್ತದೆ. ಇಳಿಜಾರಿಗೆ ಅಡ್ಡಲಾಗಿ ಗಿಡದ ಸಾಲು ಹಿಡಿಯುವುದು, ಮಳೆನೀರು ಇಂಗಲು ತೊಟ್ಟಿಲು ಗುಂಡಿ ತೆಗೆಸುವುದು, ಯಾವ ಬಸಿಗಾಲುವೆ ತುಂಬಿ ಯಾವ ಪಟ್ಟೆಯ ಮಣ್ಣು ಕೊಚ್ಚಿಹೋಗುತ್ತದೆಂದು ಮಳೆಗೆ ಮುಂಚೆಯೇ ಊಹಿಸುವುದು, ಇವೆಲ್ಲ ನೀವು ವರ್ಷವರ್ಷವೂ ಮಾಡುವ ಕೆಲಸ. ಗಾಲ್ಫ್ ಮೈದಾನದ ವಿನ್ಯಾಸದಲ್ಲಿ ಕಣ್ಣಿಗೆ ಕಾಣದ ದೊಡ್ಡ ಭಾಗ ಬಸಿಗಾಲುವೆಯೇ. ಮಲೆನಾಡಿನಲ್ಲಂತೂ ನೀರು ಎಲ್ಲಿಗೆ ಹೋಗಬೇಕೆಂದು ಮೊದಲು ತೀರ್ಮಾನಿಸಿ, ಚೆಂಡು ಎಲ್ಲಿಗೆ ಹೋಗಬೇಕೆಂಬುದನ್ನು ಆಮೇಲೆ ಯೋಚಿಸಬೇಕು.

ನಿಮ್ಮ ನಾಲ್ಕು ಎಕರೆಗೆ ಬರೋಣ. 110 ಮೀಟರ್ ಉದ್ದದ ಒಂದು ಚಿಕ್ಕ ಹೋಲ್‌ಗೆ, ಅತ್ತಿತ್ತ ಸಿಡಿಯುವ ಚೆಂಡಿಗೆಂದು 50 ಮೀಟರ್ ಅಗಲ ಹಿಡಿದರೆ, ಸುಮಾರು 54 ಗುಂಟೆ ಬೇಕು. ಎರಡು ಹೋಲ್ ಕೂರುತ್ತವೆ, ಮೂರನೆಯದಕ್ಕೆ ಆಸೆಪಡಬೇಡಿ. ಗಿಡಗಳ ನಡುವೆ ಆಳುಗಳು ಕೆಲಸ ಮಾಡುವ ಕಡೆಗೆ ಯಾವ ಟೀಯ ಮುಖವೂ ಇರಕೂಡದು. ಬಲಗೈ ಆಟಗಾರರ ತಪ್ಪು ಹೊಡೆತ ಹೆಚ್ಚಾಗಿ ಬಲಕ್ಕೆ ಬಾಗುವುದರಿಂದ ರಸ್ತೆ ಮತ್ತು ಪಕ್ಕದವರ ಬೇಲಿ ಎಡಗಡೆಗೆ ಬರುವಂತೆ ನೋಡಿಕೊಳ್ಳಿ. ಸಂಜೆ ಆಡುವುದಾದರೆ ಪಶ್ಚಿಮಕ್ಕೆ ಮುಖಮಾಡಿದ ಹೋಲ್ ಬೇಡ, ಸೂರ್ಯ ಕಣ್ಣಿಗೆ ಹೊಡೆಯುತ್ತಾನೆ.

ಮೊದಲ ವರ್ಷ ಗುದ್ದಲಿ ಮುಟ್ಟಬೇಡಿ. ಹೂಮಳೆಯಿಂದ ಹಿಡಿದು ಮುಂಗಾರು ಮುಗಿಯುವವರೆಗೆ ಆ ಇಳಿಜಾರಿನಲ್ಲಿ ಗೂಟಗಳನ್ನು ನೆಟ್ಟು, ಪ್ರತಿ ದೊಡ್ಡ ಮಳೆಯ ಮಾರನೆಯ ದಿನ ನೀರು ಹರಿದ, ನಿಂತ, ಮಣ್ಣು ಕೊರೆದ ಜಾಗಗಳನ್ನು ನಕ್ಷೆಯಲ್ಲಿ ತುಂಬಿಸಿ. ನೀರು ಎರಡು ಮೂರು ದಿಕ್ಕಿಗೆ ಚದುರಿ ಹೋಗುವ ಮೂಗಿನಂತಹ ದಿಬ್ಬ ಸಿಕ್ಕರೆ ಅದೇ ನಿಮ್ಮ ಗ್ರೀನ್. ಮೇಲಿನ ನೀರೆಲ್ಲ ಬಂದು ಸೇರುವ ತಗ್ಗು ಎಷ್ಟೇ ಚೆಲುವಾಗಿ ಕಂಡರೂ ಅದನ್ನು ಬಿಟ್ಟುಬಿಡಿ.

ಅಮೆರಿಕದ ಗಾಲ್ಫ್ ಸಂಘವಾದ ಯುಎಸ್‌ಜಿಎ 1960ರಲ್ಲಿ ಪ್ರಕಟಿಸಿದ ಕ್ರಮದಂತೆ ಗ್ರೀನ್ ಕಟ್ಟುವುದಾದರೆ ಕೊಳವೆಗಳ ಮೇಲೆ 10 ಸೆಂಟಿಮೀಟರ್ ಜಲ್ಲಿ, ಅದರ ಮೇಲೆ 30 ಸೆಂಟಿಮೀಟರ್ ಮರಳು ಪ್ರಧಾನವಾದ ಮಿಶ್ರಣ ಹಾಕಬೇಕು. 300 ಚದರ ಮೀಟರಿನ ಪುಟ್ಟ ಗ್ರೀನ್‌ಗೂ 90 ಘನ ಮೀಟರ್ ಮಿಶ್ರಣವಾಯಿತು; ಇಂದಿನ ಮರಳಿನ ಬೆಲೆಯಲ್ಲಿ ಹವ್ಯಾಸಕ್ಕೆ ಅದು ಹೊರೆ. ಅಲ್ಲಿನ ಮಣ್ಣನ್ನೇ ದಿಬ್ಬವಾಗಿ ಏರಿಸಿ, ಯಂತ್ರದಿಂದ ಗಟ್ಟಿಯಾಗಿ ತುಳಿಸದೆ, ಮೇಲೆ ಆಗಾಗ ತೆಳುವಾಗಿ ಮರಳು ಎರಚುತ್ತ ಹೋಗುವುದು ಹಳೆಯ ಪದ್ಧತಿ, ನಿಮಗೆ ಅದೇ ಸಾಕು. ಹುಲ್ಲಿಗೆ ದೂರ ಹುಡುಕಬೇಕಿಲ್ಲ. ಬರ್ಮುಡಾ ಎಂದು ಗಾಲ್ಫ್ ಲೋಕ ಕರೆಯುವ ಹುಲ್ಲು ನಾವು ಗಣಪತಿಗೆ ಏರಿಸುವ ಗರಿಕೆಯೇ. ಗ್ರೀನ್‌ಗೆ ಬಳಸುವ ನುಣುಪಾದ ತಳಿಗಳು ಆ ಗರಿಕೆಯನ್ನು ಆಫ್ರಿಕಾದ ಅದರ ದಾಯಾದಿಯೊಡನೆ ಸೇರಿಸಿ ಪಡೆದವು. ಆದರೆ ಗರಿಕೆ ನೆರಳನ್ನು ಸಹಿಸುವುದಿಲ್ಲ. ಗ್ರೀನ್‌ನ ಪೂರ್ವಕ್ಕೆ ಸಿಲ್ವರ್ ಓಕ್ ಸಾಲು ಇದ್ದರೆ ಬೆಳಗಿನ ಬಿಸಿಲು ತಪ್ಪಿ, ತೇವ ಆರದೆ, ಹುಲ್ಲಿನ ಬದಲು ಪಾಚಿ ಬೆಳೆಯುತ್ತದೆ. ಬಂಕರ್ ಒಂದಕ್ಕಿಂತ ಹೆಚ್ಚು ಬೇಡ. ಅದರ ಗೋಡೆಗೆ ಮರಳನ್ನು ಏರಿಸಿ ಹೊಳೆಯುವಂತೆ ಮಾಡುವುದು ಟಿವಿಯಲ್ಲಿ ಚೆನ್ನ, ನಮ್ಮಲ್ಲಿ ಜುಲೈನ ಒಂದೇ ರಾತ್ರಿಯಲ್ಲಿ ಅದು ತಳ ಸೇರುತ್ತದೆ. ಗೋಡೆಗೆ ಹುಲ್ಲು, ಸಮತಟ್ಟಾದ ತಳಕ್ಕಷ್ಟೇ ಮರಳು.

ಒಂದು ಎಚ್ಚರಿಕೆ. ಮನೆಯವರು, ಗೆಳೆಯರು ಆಡುವವರೆಗೆ ಮಾತು ಬೇರೆ. ಹೋಮ್‌ಸ್ಟೇ ಅತಿಥಿಗಳಿಂದ ಶುಲ್ಕ ಪಡೆಯುವ ಯೋಚನೆ ಬಂದರೆ 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ಕಲಮಿನಂತೆ ಭೂಪರಿವರ್ತನೆಯ ಪ್ರಶ್ನೆ ಬರುತ್ತದೆ. ಮೊದಲೇ ವಕೀಲರನ್ನು ಕಾಣಿರಿ.

ಪ್ರಶ್ನೆ: ಹಾಸನದಲ್ಲಿ ಸಿವಿಲ್ ಎಂಜಿನಿಯರಿಂಗ್ ಮೂರನೆಯ ವರ್ಷದಲ್ಲಿ ಓದುತ್ತಿದ್ದೇನೆ. ತಂದೆಯವರ ಜೊತೆ ಹೋಗಿ ಆಟ ಕಲಿತವಳು. ಗಾಲ್ಫ್ ಮೈದಾನದ ವಿನ್ಯಾಸವನ್ನೇ ವೃತ್ತಿ ಮಾಡಿಕೊಳ್ಳಬೇಕೆಂಬ ಆಸೆ. ಮುಂದೆ ಏನು ಓದಬೇಕು? ಹೆಣ್ಣುಮಕ್ಕಳು ಈ ಕ್ಷೇತ್ರದಲ್ಲಿದ್ದಾರೆಯೇ?
— ಒಬ್ಬ ವಿದ್ಯಾರ್ಥಿನಿ, ಹಾಸನ

ಉತ್ತರ: ಪದವಿಯನ್ನು ಮುಗಿಸಿ, ಸರ್ವೆ, ಜಲಶಾಸ್ತ್ರ, ಮಣ್ಣಿನ ಯಂತ್ರಶಾಸ್ತ್ರ, ಈ ಮೂರನ್ನು ಅಂಕಕ್ಕಾಗಿ ಓದದೆ ಕೆಲಸಕ್ಕೆಂದು ಓದಿ. ಈ ವೃತ್ತಿಗೆಂದೇ ತನ್ನ ಓದನ್ನು ತಾನೇ ರೂಪಿಸಿಕೊಂಡ ಮೊದಲಿಗರಲ್ಲಿ ರಾಬರ್ಟ್ ಟ್ರೆಂಟ್ ಜೋನ್ಸ್ ಒಬ್ಬರು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಅವರು ಭೂದೃಶ್ಯ ವಿನ್ಯಾಸ, ಬೇಸಾಯಶಾಸ್ತ್ರ, ನೀರಿನ ಎಂಜಿನಿಯರಿಂಗ್ ಮುಂತಾದ ಬೇರೆ ಬೇರೆ ವಿಭಾಗಗಳ ಪಾಠಗಳನ್ನು ಆಯ್ದು ಓದಿದರು. ನೀವು ಆಗಲೇ ಒಂದು ಭಾಗವನ್ನು ಓದುತ್ತಿದ್ದೀರಿ. ಮುಂದೆ ದೆಹಲಿಯ ಸ್ಕೂಲ್ ಆಫ್ ಪ್ಲಾನಿಂಗ್ ಅಂಡ್ ಆರ್ಕಿಟೆಕ್ಚರ್‌ನಂತಹ ಕಡೆ ಭೂದೃಶ್ಯ ವಿನ್ಯಾಸದಲ್ಲಿ ಸ್ನಾತಕೋತ್ತರ ಓದಿದೆ. ಪ್ರವೇಶಕ್ಕೆ ಯಾವ ಪದವಿ ಬೇಕೆಂಬುದನ್ನು ಮೊದಲೇ ವಿಚಾರಿಸಿಕೊಳ್ಳಿ. ಯುರೋಪಿನ ಗಾಲ್ಫ್ ವಿನ್ಯಾಸಕಾರರ ಸಂಸ್ಥೆಯೂ ತರಬೇತಿ ಕೊಡುತ್ತದೆ. ಹುಲ್ಲು ಮತ್ತು ಮಣ್ಣಿನ ಪ್ರಶ್ನೆಗಳಿಗೆ ನಿಮ್ಮ ಊರಿನ ಪಕ್ಕದ ಕಾರೆಕೆರೆಯಲ್ಲಿಯೇ ಕೃಷಿ ಕಾಲೇಜಿದೆ, ಮೂಡಿಗೆರೆಯಲ್ಲಿ ತೋಟಗಾರಿಕೆ ಕಾಲೇಜಿದೆ. ಸಂಕೋಚ ಬಿಟ್ಟು ಅಲ್ಲಿನ ಅಧ್ಯಾಪಕರನ್ನು ಕಾಣಿರಿ.

ಎರಡನೆಯ ಪ್ರಶ್ನೆಗೆ ಆಲಿಸ್ ಡೈ ಅವರ ಹೆಸರೇ ಉತ್ತರ. ಪೀಟ್ ಡೈ ಅವರ ಪತ್ನಿ, ಸ್ವತಃ ಉತ್ತಮ ಆಟಗಾರ್ತಿ. 1980ರಲ್ಲಿ ಆರಂಭವಾದ ಸಾಗ್ರಾಸ್‌ನಲ್ಲಿ, ಉಳಿದ ಹೋಲ್‌ಗಳಿಗೆಂದು ಒಳ್ಳೆಯ ಮರಳನ್ನು ಒಂದೇ ಕಡೆ ತೋಡುತ್ತ ಹೋಗಿ 17ನೇ ಗ್ರೀನ್‌ನ ಸುತ್ತ ದೊಡ್ಡ ಹೊಂಡವೇ ಆಗಿತ್ತು. ಅದಕ್ಕೆ ನೀರು ತುಂಬಿಸಿ ಗ್ರೀನ್ ಅನ್ನು ದ್ವೀಪವಾಗಿ ಬಿಡೋಣವೆಂದು ಸೂಚಿಸಿದವರು ಆಲಿಸ್. ಇಂದು ಗಾಲ್ಫ್ ಆಡದವರೂ ಚಿತ್ರ ನೋಡಿ ಗುರುತಿಸುವ ಹೋಲ್ ಅದು. ಅಮೆರಿಕದ ಗಾಲ್ಫ್ ವಿನ್ಯಾಸಕಾರರ ಸಂಘಕ್ಕೆ ಅಧ್ಯಕ್ಷರಾದ ಮೊದಲ ಮಹಿಳೆಯೂ ಅವರೇ. ಮಹಿಳೆಯರಿಗೆ ಸರಿಯಾದ ದೂರದಲ್ಲಿ, ಗ್ರೀನ್‌ನ ಕಡೆಗೆ ಮುಂದಕ್ಕೆ, ಒಂದು ಟೀ ಇರಬೇಕೆಂದು ಅವರು ಬಹುಕಾಲ ವಾದಿಸಿದರು. ಇಂದಿಗೂ ಎಷ್ಟೋ ಮೈದಾನಗಳಲ್ಲಿ ಆ ಟೀಯನ್ನು ಉಳಿದ ಮೂಲೆಯಲ್ಲಿ ತುರುಕಿರುವುದನ್ನು ಕಂಡಾಗ ಆ ವಾದ ಇನ್ನೂ ಮುಗಿದಿಲ್ಲವೆನಿಸುತ್ತದೆ.

ಪ್ರಶ್ನೆ: ಕಳೆದ ತಿಂಗಳು ಗಾಲ್ಫ್ ಆಟದ ಬಗ್ಗೆ ನೀವು ಬರೆದ ಉತ್ತರ ಓದಿದೆ. ನಮ್ಮ ಕಡೆ ಕೊಳವೆಬಾವಿಗಳು ಬತ್ತಿ ತೆಂಗಿನ ಸುಳಿ ಒಣಗುತ್ತಿರುವಾಗ ಹುಲ್ಲಿಗೆ ನೀರುಣಿಸುವ ಆಟದ ವಿನ್ಯಾಸವನ್ನು ಹೊಗಳುವುದು ಸರಿಯೇ?
— ಒಬ್ಬ ಓದುಗರು, ಅರಸೀಕೆರೆ

ಉತ್ತರ: ನಿಮ್ಮ ಆಕ್ಷೇಪವನ್ನು ಲೆಕ್ಕದಲ್ಲಿಟ್ಟು ನೋಡಿದರೆ ಅದು ಇನ್ನೂ ಬಲವಾಗುತ್ತದೆ. ಬೇಸಿಗೆಯಲ್ಲಿ ದಿನಕ್ಕೆ 5 ಮಿಲಿಮೀಟರ್ ನೀರು ಕೊಟ್ಟರೆ ಒಂದು ಎಕರೆಗೆ ಸುಮಾರು 20,000 ಲೀಟರ್ ಬೇಕು. 60 ಎಕರೆ ಹುಲ್ಲನ್ನು ಹಾಗೆ ಸಾಕುವ ಮೈದಾನಕ್ಕೆ ದಿನಕ್ಕೆ 12 ಲಕ್ಷ ಲೀಟರ್. ಜಲಜೀವನ ಮಿಷನ್ ಗ್ರಾಮೀಣ ಮನೆಗಳಿಗೆ ನಿಗದಿಪಡಿಸಿದ ತಲಾ 55 ಲೀಟರಿನಂತೆ ಅದು ಸುಮಾರು 22,000 ಜನರ ಪಾಲು. ಅರಸೀಕೆರೆಯಲ್ಲಿ ಯಾರಾದರೂ ಕೊಳವೆಬಾವಿ ನಂಬಿ ಅಂತಹ ಮೈದಾನ ಬರೆದರೆ, ಅದು ವಿನ್ಯಾಸದ ಮೊದಲ ಗೆರೆಯಲ್ಲಿಯೇ ಆದ ತಪ್ಪು.

ಆದರೆ ಹಸಿರು ಹಾಸು ಈ ಆಟದ ಲಕ್ಷಣವಲ್ಲ, ಬಹುಮಟ್ಟಿಗೆ ಟಿವಿ ಕಲಿಸಿದ ರುಚಿ. ಸ್ಕಾಟ್ಲೆಂಡಿನ ಕಡಲ ಅಂಚಿನ ಮರಳು ನೆಲದಲ್ಲಿ ಆಟ ಬೆಳೆದಾಗ ನೀರುಣಿಸುವ ಏರ್ಪಾಡೇ ಇರಲಿಲ್ಲ. ಬೇಸಿಗೆಯಲ್ಲಿ ಹುಲ್ಲು ಕಂದು ಬಣ್ಣಕ್ಕೆ ತಿರುಗುತ್ತಿತ್ತು, ಗಟ್ಟಿ ನೆಲದ ಮೇಲೆ ಚೆಂಡು ಉರುಳುತ್ತಿತ್ತು. ಅಮೆರಿಕದ ಪೈನ್‌ಹರ್ಸ್ಟ್‌ನಲ್ಲಿ ಡೊನಾಲ್ಡ್ ರಾಸ್ ಅವರು ರೂಪಿಸಿದ 2ನೇ ಸಂಖ್ಯೆಯ ಮೈದಾನದಲ್ಲಿ 1930ರ ದಶಕದ ನಡುವಿನವರೆಗೆ ಮರಳಿನ ಗ್ರೀನ್‌ಗಳೇ ಇದ್ದವು. ಅದೇ ಮೈದಾನದಲ್ಲಿ ಬಿಲ್ ಕೂರ್ ಮತ್ತು ಬೆನ್ ಕ್ರೆನ್‌ಶಾ ಅವರು 2010ರಲ್ಲಿ ಆರಂಭಿಸಿದ ಮರುವಿನ್ಯಾಸದಲ್ಲಿ ಸುಮಾರು 35 ಎಕರೆ ಹುಲ್ಲನ್ನು ಕಿತ್ತು, ಮರಳು ಮತ್ತು ಅಲ್ಲಿಯದೇ ಕುರುಚಲನ್ನು ಮರಳಿ ಬರಮಾಡಿದರು. 2014ರಲ್ಲಿ ಪುರುಷರ ಮತ್ತು ಮಹಿಳೆಯರ ಯುಎಸ್ ಓಪನ್ ಗಾಲ್ಫ್ ಪಂದ್ಯಾವಳಿಗಳು ಎರಡೂ ಒಂದರ ಹಿಂದೊಂದು ವಾರ ಅಲ್ಲಿಯೇ ನಡೆದವು.

ಬಯಲುಸೀಮೆಗೆ ಮೈದಾನ ಬೇಕೇ ಬೇಕೆಂದಾದರೆ ನಾನು ಒಪ್ಪುವ ನಕ್ಷೆ ಹೀಗಿದ್ದೀತು: 18ರ ಬದಲು ಒಂಬತ್ತು ಹೋಲ್, ಫೇರ್‌ವೇಯಲ್ಲಿ ಮಳೆಗೆ ಬಂದ ಗರಿಕೆ, ನೀರು ಗ್ರೀನ್ ಮತ್ತು ಟೀಗಳಿಗೆ ಮಾತ್ರ. 400 ಚದರ ಮೀಟರಿನ ಒಂಬತ್ತು ಗ್ರೀನ್‌ಗಳಿಗೆ ದಿನಕ್ಕೆ 18,000 ಲೀಟರ್ ಆಗುತ್ತದೆ, ಟೀಗಳದ್ದು ಅದಕ್ಕಿಂತ ಕಡಿಮೆ. ಪಟ್ಟಣದ ಕೊಳಚೆ ನೀರನ್ನು ಶುದ್ಧೀಕರಿಸಿ ಅಷ್ಟನ್ನು ಒದಗಿಸಲಾಗದಿದ್ದರೆ ಮರಳಿನ ಗ್ರೀನ್. ಅದೂ ಒಗ್ಗದವರು ವಾರದ ಕೊನೆಗೆ ಬಸ್ಸು ಹತ್ತಿ ಚಿಕ್ಕಮಗಳೂರಿಗೆ ಹೋಗಲಿ.